ಹಳೇ 800, ಕಂಪ್ರೆಶನ್ ಹೋಗಿದೆ ಅಂತಾರೆ. ಇಂಜಿನ್ ಇಳಿಸಲೇಬೇಕಾ?

ಗೂಡು ಮಾರ್ಕೆಟ್ ಹುಡುಗ (ಶಿಡ್ಲಘಟ್ಟ), ಶನಿವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳ ಹಿಂದೆ 58 ಸಾವಿರಕ್ಕೆ ಒಂದು 2006ರ ಮಾರುತಿ 800 ತಗೊಂಡೆ. ನಾನು ಮೂರನೇ ಓನರ್. ಮೀಟರ್ 84 ಸಾವಿರ ತೋರಿಸುತ್ತೆ. ನಂಬಿದರೆ ನಂಬಿ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಾಡಿ ಬಂಗಾರ. ಚಿಕ್ಕಬಳ್ಳಾಪುರ ಮುಟ್ಟುವಷ್ಟರಲ್ಲಿ ಬಿಸಿಯಾಗುತ್ತೆ. ಆಮೇಲೆ ಎಲ್ಲಿ ನಿಲ್ಲಿಸಿದರೂ ಗಡಗಡ ನಡುಗುತ್ತೆ, ಸ್ಟೀರಿಂಗ್ ಹಿಡಿದ ಕೈಗೆ ಜೋಮು ಬರುತ್ತೆ. ಪಿಕಪ್ ಇಲ್ಲ. ಹೋದ ಭಾನುವಾರ ಅಕ್ಕನ ಮಕ್ಕಳನ್ನು ನಂದಿ ಬೆಟ್ಟಕ್ಕೆ ಕರ್ಕೊಂಡು ಹೋದೆ. ಕೊನೇ ತಿರುವುಗಳಲ್ಲಿ ಫಸ್ಟ್ ಗೇರಲ್ಲೂ ಏರಲಿಲ್ಲ. ಮಕ್ಕಳನ್ನು ಇಳಿಸಿ ನಡೆಸಿದೆ. ಹಿಂದೆ ಬೈಕಲ್ಲಿ ಬಂದವರು ವಿಡಿಯೋ ಮಾಡಿಕೊಂಡರು, ಅದು ಬೇರೆ.

ಪ್ಲಗ್, ಪ್ಲಗ್ ವೈರ್, ಏರ್ ಫಿಲ್ಟರ್ ಎಲ್ಲಾ ಹೊಸದು. ಇಲ್ಲೊಂದು ಗ್ಯಾರೇಜಲ್ಲಿ ತೋರಿಸಿದೆ. ಅವರು ಎರಡು ಸಲ ಸೆಲ್ಫ್ ಹೊಡೆದು, ಕಿವಿಗೊಟ್ಟು ಕೇಳಿ, "ಕಂಪ್ರೆಶನ್ ಹೋಗಿದೆ, ಇಂಜಿನ್ ಇಳಿಸಿ ಬೋರ್ ಮಾಡಿಸಬೇಕು, 35 ಸಾವಿರ ಆಗುತ್ತೆ" ಅಂದರು. ಕಂಪ್ರೆಶನ್ ಅಂದರೆ ಸಿಲಿಂಡರ್ ಒಳಗೆ ಪಿಸ್ಟನ್ ಗಾಳಿಯನ್ನು ಒತ್ತೋ ಒತ್ತಡವಂತೆ, ಬೋರ್ ಅಂದರೆ ಸವೆದ ಸಿಲಿಂಡರನ್ನು ಕೊರೆದು ಸರಿ ಮಾಡೋದಂತೆ. ಬರೀ ಸದ್ದು ಕೇಳಿ ಹೀಗೆ ಹೇಳೋಕೆ ಆಗುತ್ತಾ? ತಿಳಿದವರು ಹೇಳಿ.

ಕೆಎ-07

35 ಸಾವಿರಾನಾ? ಗಾಡಿ ಮಾರಿ ಎಮ್ಮೆ ತಗೋ ಅಣ್ಣ. ಬೆಟ್ಟ ಹತ್ತದಿದ್ದರೂ ಹಾಲಾದರೂ ಕೊಡುತ್ತೆ.

ಹದಿನಾಲ್ಕು ನಂಬರ್ ಸ್ಪ್ಯಾನರ್ (ಚಿಂತಾಮಣಿ)

22 ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ಸೆಲ್ಫ್ ಸದ್ದಲ್ಲಿ ಸ್ವಲ್ಪ ಗೊತ್ತಾಗುತ್ತೆ, ಸುಳ್ಳಲ್ಲ. ಎಲ್ಲಾ ಸಿಲಿಂಡರ್ ಸಮ ಇದ್ದರೆ "ರೊಯ್ ರೊಯ್ ರೊಯ್" ಅಂತ ಒಂದೇ ತಾಳ ಬರುತ್ತೆ. ಒಂದು ಖಾಲಿ ಹೊಡೆದರೆ ತಾಳ ತಪ್ಪುತ್ತೆ. ಆದರೆ ಯಾಕೆ ಖಾಲಿ ಅಂತ ಸದ್ದು ಹೇಳಲ್ಲ. ಪಿಸ್ಟನ್ ಸುತ್ತ ಇರೋ ರಿಂಗ್ ಇರಬಹುದು, ಗಾಳಿ ಒಳಗೆ ಹೊರಗೆ ಬಿಡೋ ವಾಲ್ವ್ ಇರಬಹುದು, ಇಂಜಿನ್ ಮೇಲ್ಭಾಗದ ಹೆಡ್ ಕೆಳಗಿರೋ ಗ್ಯಾಸ್ಕೆಟ್ ಇರಬಹುದು. ಬೋರ್ ಮಾಡಿಸೋದು ಇದರಲ್ಲಿ ಒಂದಕ್ಕೆ ಮಾತ್ರ ಮದ್ದು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳಬೇಡ.

ಪ್ಲಗ್ ತೂತಿಗೆ ಕಂಪ್ರೆಶನ್ ಗೇಜ್ ಹಾಕಿ ಅಳೆದರಾ? ಅದನ್ನು ಹೇಳು ಮೊದಲು.

ತಟ್ಟೆ ಇಡ್ಲಿ (ಕ್ಯಾತ್ಸಂದ್ರ, ತುಮಕೂರು)

ಇದೆಲ್ಲಾ ಈ ಎಥೆನಾಲ್ ಪೆಟ್ರೋಲ್ ಮಹಿಮೆ. ಶೇಕಡ 20 ಎಥೆನಾಲ್ ಬೆರೆಸಿದ ಇ20 ಬಂದ ಮೇಲೆ ಹಳೇ ಗಾಡಿ ಒಂದೂ ನೆಟ್ಟಗಿಲ್ಲ. ನನ್ನ ಜೆನ್ ಮೈಲೇಜೂ ಬಿದ್ದಿದೆ.

ಹದಿನಾಲ್ಕು ನಂಬರ್ ಸ್ಪ್ಯಾನರ್

ಮೈಲೇಜ್ ಬೀಳುತ್ತೆ, ಒಪ್ಪಿದೆ. ಹಳೇ ರಬ್ಬರ್ ಪೈಪು, ವಾಷರ್ ಹಾಳಾಗುತ್ತೆ, ಅದನ್ನೂ ಒಪ್ಪಿದೆ. ಎಥೆನಾಲ್ ಬಂದು ಒಂದು ಸಿಲಿಂಡರ್ ಕಂಪ್ರೆಶನ್ ಮಾತ್ರ ಕದ್ದುಕೊಂಡು ಹೋಗಲ್ಲ ಅಣ್ಣ.

ತಟ್ಟೆ ಇಡ್ಲಿ

ಒಂದು ಸಿಲಿಂಡರ್ ಅಂತ ಯಾರು ಹೇಳಿದ್ದು? ಅಳೆದೇ ಇಲ್ಲವಲ್ಲ ಇನ್ನೂ.

ಹದಿನಾಲ್ಕು ನಂಬರ್ ಸ್ಪ್ಯಾನರ್

ಗಾಡಿ ನಡುಗುತ್ತೆ ಅಂದನಲ್ಲ. 800ಗೆ ಇರೋದೇ ಮೂರು ಸಿಲಿಂಡರ್, 796 ಸಿಸಿ. ಮೂರೂ ಒಂದೇ ಸಮ ಇಳಿದಿದ್ದರೆ ಗಾಡಿ ಬಡವಾಗುತ್ತೆ, ಇಷ್ಟು ನಡುಗಲ್ಲ. ಒಂದು ಕೈ ಕೊಟ್ಟರೆ ಮೂರು ಕಾಲಿನ ಸ್ಟೂಲಲ್ಲಿ ಒಂದು ಕಾಲು ಮುರಿದ ಹಾಗೆ.

ಗೂಡು ಮಾರ್ಕೆಟ್ ಹುಡುಗ, ಬುಧವಾರ ಸಂಜೆ

ಗೇಜ್ ಆನ್‌ಲೈನಲ್ಲಿ 900 ರೂಪಾಯಿಗೆ ತರಿಸಿದೆ. ಇವತ್ತು ನಾನೇ ಅಳೆದೆ. ಒಂದನೇದು 105, ಎರಡನೇದು 70, ಮೂರನೇದು 100 ಪಿಎಸ್‌ಐ (ಒತ್ತಡದ ಅಳತೆ). ಮುಗೀತು ಅಲ್ವಾ? ಮೂರೂ ಹೋಗಿದೆ. ಗ್ಯಾರೇಜಿನವರು ಹೇಳಿದ್ದೇ ಸರಿ ಅನ್ನಿಸುತ್ತೆ.

ಕೆಎ-07

ಎಮ್ಮೆ.

ಹಳೇ ಗಾಡಿ ಹುಚ್ಚ (ತಿಪಟೂರು)

ಮೂರೂ ಕಡಿಮೆ ಅಂದರೆ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿರಬಹುದು. ವಾಲ್ವ್ ಮುಚ್ಚೋ ಹೊತ್ತು ತಪ್ಪಿದರೆ ಎಲ್ಲಾ ಸಿಲಿಂಡರಲ್ಲೂ ಗಾಳಿ ಸೋರುತ್ತೆ. ಹಿಂದಿನ ಓನರ್ ಬೆಲ್ಟ್ ಯಾವಾಗ ಹಾಕಿಸಿದ್ದು ಅಂತ ಗೊತ್ತಾ? ಗೊತ್ತಿಲ್ಲದಿದ್ದರೆ ಹೇಗಿದ್ದರೂ ಹೊಸದು ಹಾಕಿಸು.

ಹದಿನಾಲ್ಕು ನಂಬರ್ ಸ್ಪ್ಯಾನರ್

ಎಲ್ಲರೂ ಸ್ವಲ್ಪ ತಡೀರಿ. ತಮ್ಮಾ, ನಾನು ಕೇಳೋದಕ್ಕೆ ಉತ್ತರ ಕೊಡು. ಇಂಜಿನ್ ಬಿಸಿ ಇತ್ತಾ? ಮೂರೂ ಪ್ಲಗ್ ಬಿಚ್ಚಿದ್ಯಾ, ಇಲ್ಲ ಒಂದೊಂದೇ ಬಿಚ್ಚಿ ಅಳೆದ್ಯಾ? ಸೆಲ್ಫ್ ಹೊಡೆಯುವಾಗ ಎಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಿದ್ರಾ? ಬ್ಯಾಟರಿ ಹೇಗಿತ್ತು?

ಗೂಡು ಮಾರ್ಕೆಟ್ ಹುಡುಗ

ಇಂಜಿನ್ ತಣ್ಣಗಿತ್ತು. ಒಂದೊಂದೇ ಪ್ಲಗ್ ಬಿಚ್ಚಿದೆ. ಎಕ್ಸಿಲರೇಟರ್ ಒತ್ತಬೇಕು ಅಂತ ಗೊತ್ತಿರಲಿಲ್ಲ. ಬ್ಯಾಟರಿ ಕೊನೆಗೆ ಸ್ವಲ್ಪ ಅಳುತ್ತಿತ್ತು.

ಹದಿನಾಲ್ಕು ನಂಬರ್ ಸ್ಪ್ಯಾನರ್

ನೋಡಿದ್ರಾ? ನಾಲ್ಕಕ್ಕೆ ನಾಲ್ಕೂ ತಪ್ಪು. ಬಯ್ತಿಲ್ಲ, ಎಲ್ಲರೂ ಮೊದಲನೇ ಸಲ ಹಿಂಗೇ ಮಾಡೋದು. ನಾನೂ ಮಾಡಿ ಯಜಮಾನರ ಹತ್ತಿರ ಉಗಿಸಿಕೊಂಡಿದ್ದೀನಿ.

ಎಕ್ಸಿಲರೇಟರ್ ಬಿಟ್ಟಿದ್ದರೆ ಥ್ರಾಟಲ್ ಮುಚ್ಚಿರುತ್ತೆ. ಪಿಸ್ಟನ್ ಕೆಳಗೆ ಬರುವಾಗ ಎಳೆದುಕೊಳ್ಳೋಕೆ ಗಾಳಿಯೇ ಇಲ್ಲ, ಮೇಲೆ ಹೋಗುವಾಗ ಏನನ್ನು ಒತ್ತಬೇಕು? ಉಳಿದ ಪ್ಲಗ್ ಹಾಗೇ ಬಿಟ್ಟರೆ ಸೆಲ್ಫ್ ಮೋಟಾರ್ ಆ ಎರಡು ಸಿಲಿಂಡರ್ ಜೊತೆನೂ ಗುದ್ದಾಡಬೇಕು, ಸ್ಪೀಡ್ ಬರಲ್ಲ. ಬ್ಯಾಟರಿ ವೀಕ್ ಆದಂತೆಲ್ಲಾ ಕೊನೇ ಸಿಲಿಂಡರಿಗೆ ಅನ್ಯಾಯ.

ಸರಿಯಾದ ಕ್ರಮ ಹೇಳ್ತೀನಿ. ಒಂದು ಹದಿನೈದು ಕಿಲೋಮೀಟರ್ ಓಡಿಸಿ ಬಾ. ಪ್ಲಗ್ ಸುತ್ತ ಇರೋ ಮಣ್ಣನ್ನು ಗಾಳಿ ಹೊಡೆದು ತೆಗಿ, ಇಲ್ಲದಿದ್ದರೆ ಒಳಗೆ ಬೀಳುತ್ತೆ. ಕಾಯಿಲ್ ಕನೆಕ್ಟರ್ ಕಿತ್ತಿಡು. ಪೆಟ್ರೋಲ್ ಪಂಪ್ ಫ್ಯೂಸೂ ತೆಗಿ, ಇಲ್ಲದಿದ್ದರೆ ಪೆಟ್ರೋಲ್ ಒಳಗೆ ಸುರಿದು ಬೋರಲ್ಲಿರೋ ಎಣ್ಣೆಯನ್ನೆಲ್ಲಾ ತೊಳೆದುಬಿಡುತ್ತೆ, ಆಗಲೂ ರೀಡಿಂಗ್ ಬೀಳುತ್ತೆ. ಮೂರೂ ಪ್ಲಗ್ ಆಚೆ. ಒಬ್ಬರು ಒಳಗೆ ಕೂತು ಎಕ್ಸಿಲರೇಟರ್ ನೆಲಕ್ಕೆ ಒತ್ತಿ ಹಿಡಿಯಬೇಕು. ಪ್ರತಿ ಸಿಲಿಂಡರಿಗೂ ಐದಾರು ಸಲ ಮುಳ್ಳು ಎಗರುವವರೆಗೆ ಸೆಲ್ಫ್ ಹೊಡಿ. ಮೂರಕ್ಕೂ ಅಷ್ಟೇ ಸಲ. ಮೊದಲನೇ ಏಟಿಗೆ ಎಷ್ಟು ಎಗರಿತು ಅಂತಾನೂ ಬರ್ಕೋ.

ಆಮೇಲೆ ಪ್ಲಗ್ ತೂತಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳಿ. ರೀಡಿಂಗ್ ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ, ಎಣ್ಣೆ ಹೋಗಿ ಆ ಸಂದನ್ನು ಮುಚ್ಚಿದೆ ಅಂತ ಅರ್ಥ. ಏರದಿದ್ದರೆ ಗಾಳಿ ಮೇಲಿಂದ ಹೋಗ್ತಿದೆ, ವಾಲ್ವ್ ಅಥವಾ ಗ್ಯಾಸ್ಕೆಟ್.

ಡೀಸೆಲ್ ಮಾವ (ಮುಳಬಾಗಿಲು)

ಇದನ್ನು ಓದಿ ಯಾರಾದರೂ ಡೀಸೆಲ್ ಗಾಡಿಗೆ ಎಣ್ಣೆ ಸುರೀಬೇಡಿ. ಡೀಸೆಲಲ್ಲಿ ಪಿಸ್ಟನ್ ಮೇಲೆ ಜಾಗವೇ ಇರಲ್ಲ. ಎಣ್ಣೆ ಜಾಸ್ತಿ ಬಿದ್ದರೆ ಒತ್ತೋಕೆ ಆಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಗೇಜೂ ಬೇರೆ ಬೇಕು. ಅಲ್ಲಿ 400 ಪಿಎಸ್‌ಐ ಆಸುಪಾಸು ಬರುತ್ತೆ. ಪೆಟ್ರೋಲ್ ಗೇಜ್ ಹಾಕಿದರೆ ಮುಳ್ಳು ಸುತ್ತಿ ಬಂದು ನಿಮ್ಮನ್ನೇ ಚುಚ್ಚುತ್ತೆ.

ನಮ್ಮ ಮನೇಲಿ ಡೀಸೆಲ್ ಅಂಬಾಸಡರ್ ಇತ್ತು. ಅದಕ್ಕೆ ಎರಡು ಸಲ ಬೋರ್ ಆಗಿತ್ತು. ಮೂರನೇ ಸಲ ಲೇಥಿನವರು "ಇನ್ನು ಕೊರೆಯೋಕೆ ಕಬ್ಬಿಣ ಇಲ್ಲ ಸ್ವಾಮಿ, ಲೈನರ್ ಹಾಕಬೇಕು" ಅಂತ ಕೈ ಎತ್ತಿದರು. ಅದರಲ್ಲೇ ಮೂರು ಮದುವೆ ದಿಬ್ಬಣ ಹೋಗಿದೆ.

ಕೆಎ-07

ಮಾವ, ಒಂದೇ ಗಾಡಿಲಿ ಮೂರು ಮದುವೆ ನಿಮ್ಮದೇನಾ?

ಡೀಸೆಲ್ ಮಾವ

ಏಯ್, ತಂಗಿಯರದ್ದು.

ಸ್ಯಾಂಟ್ರೋ ಅಕ್ಕ (ಚಿಂತಾಮಣಿ)

ನನ್ನ ಅನುಭವ ಹೇಳ್ತೀನಿ. ನಾಲ್ಕು ವರ್ಷದ ಹಿಂದೆ ನನ್ನ ಕಾರಿಗೂ "ಇಂಜಿನ್ ಹೋಗಿದೆ" ಅಂದಿದ್ದರು. ಊರ ಹೆಸರು, ಗ್ಯಾರೇಜ್ ಹೆಸರು ಬೇಡ. ಹೆಂಗಸು ಒಬ್ಬಳೇ ಬಂದಿದ್ದಾಳೆ ಅಂತ ನನ್ನನ್ನು ಬಿಟ್ಟು ಪಕ್ಕದಲ್ಲಿ ನಿಂತಿದ್ದ ಆಟೋದವನಿಗೆ ವಿವರಿಸುತ್ತಿದ್ದರು. ಅವನಿಗೂ ನನಗೂ ಸಂಬಂಧವೇ ಇಲ್ಲ!

ಆಗ ನಮ್ಮ ಅಣ್ಣ ಬಂದು ಅಳೆದ. ಅಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಕಡಿಮೆ ಬಂತು, ಉಳಿದೆರಡು ಸರಿ ಇತ್ತು. ಪಕ್ಕಪಕ್ಕದ್ದು ಎರಡೂ ಬಿದ್ದರೆ ನಡುವಿನ ಗ್ಯಾಸ್ಕೆಟ್ ಸುಟ್ಟಿರುತ್ತೆ, ಒಂದರ ಗಾಳಿ ಇನ್ನೊಂದಕ್ಕೆ ನುಗ್ಗುತ್ತೆ ಅಂದ. ಅದೇ ಆಗಿತ್ತು. ಹೆಡ್ ಮಾತ್ರ ಇಳಿಸಿ, ಲೇಥಲ್ಲಿ ಮಟ್ಟ ಮಾಡಿಸಿ, ಗ್ಯಾಸ್ಕೆಟ್ ಹಾಕಿದರು. ಅವರು ಹೇಳಿದ್ದರಲ್ಲಿ ಕಾಲು ಭಾಗದಲ್ಲಿ ಮುಗೀತು.

ಆ ಹುಡುಗನ ಗಾಡಿಲಿ ನೀರು ಕಡಿಮೆಯಾಗ್ತಿದೆಯಾ? ಆಯಿಲ್ ಮುಚ್ಚಳ ತೆಗೆದರೆ ಹಾಲು ಹಾಕಿದ ಕಾಫಿ ಥರ ಇದೆಯಾ? ಅದನ್ನೂ ನೋಡಿ.

ಗೂಡು ಮಾರ್ಕೆಟ್ ಹುಡುಗ

ಇಲ್ಲ ಅಕ್ಕ. ನೀರು ಇದ್ದಷ್ಟೇ ಇದೆ. ಎಣ್ಣೆ ಕಪ್ಪಗಿದೆ, ಬೆಳ್ಳಗಿಲ್ಲ. ಸೈಲೆನ್ಸರಲ್ಲಿ ನೀಲಿ ಹೊಗೆನೂ ಇಲ್ಲ.

ಹಳೇ ಗಾಡಿ ಹುಚ್ಚ

ನೀಲಿ ಹೊಗೆ ಇಲ್ಲ, ಎಣ್ಣೆ ಕುಡಿಯಲ್ಲ ಅಂದರೆ ರಿಂಗ್ ಅಷ್ಟು ಕೆಟ್ಟಿರಲ್ಲ. ಐಡಲಲ್ಲಿ ಬಿಟ್ಟು ಆಯಿಲ್ ಮುಚ್ಚಳ ತೆಗೆದು ನೋಡು. ರಿಂಗ್ ಹೋಗಿದ್ದರೆ ಅಲ್ಲಿಂದ ರೈಲಿನ ಥರ ಬುಸ್ ಬುಸ್ ಅಂತ ಹೊಗೆ ಬರುತ್ತೆ.

ಗೌರಿಬಿದನೂರು ಮೇಷ್ಟ್ರು

ಫಿಸಿಕ್ಸ್ ಪಾಠ ಮಾಡಿ ರಿಟೈರ್ ಆದವನು, ಒಂದು ಮಾತು ಸೇರಿಸಲೇ? ಮ್ಯಾನ್ಯುಯಲಲ್ಲಿ ಕೊಡುವ ಕಂಪ್ರೆಶನ್ ನಂಬರನ್ನು ಸಮುದ್ರ ಮಟ್ಟದ ಲೆಕ್ಕ ಅಂತ ಓದಬೇಕು. ನಮ್ಮ ಚಿಕ್ಕಬಳ್ಳಾಪುರದ ಕಡೆ ಊರುಗಳು ಸುಮಾರು 900 ಮೀಟರ್ ಎತ್ತರದಲ್ಲಿವೆ. ಇಲ್ಲಿ ಗಾಳಿಯ ಒತ್ತಡವೇ ಸಮುದ್ರ ತೀರದ ಹತ್ತರಲ್ಲಿ ಒಂಬತ್ತು ಭಾಗ. ಇಂಜಿನ್ ಒಳಗೆ ಬರೋ ಗಾಳಿನೇ ತೆಳು ಅಂದಮೇಲೆ ಗೇಜೂ ಶೇಕಡ ಹತ್ತರಷ್ಟು ಕಡಿಮೆ ತೋರಿಸುತ್ತೆ. ಮಂಗಳೂರಲ್ಲಿ 160 ಬರೋ ಇಂಜಿನ್ ಇಲ್ಲಿ 145 ತೋರಿಸಿದರೆ ಅದು ಕಾಯಿಲೆ ಅಲ್ಲ.

ನಂದಿ ಬೆಟ್ಟದ ತುದಿ 1,478 ಮೀಟರ್. ಅಲ್ಲಿ ಇನ್ನೂ ಕಡಿಮೆ. ಅವನ 800 ಕೊನೇ ತಿರುವಲ್ಲಿ ಸೋತಿದ್ದಕ್ಕೆ ಅದೂ ಸ್ವಲ್ಪ ಕಾರಣ. ಮೊದಲೇ ಸೋತವನಿಗೆ ಬೆಟ್ಟದ ತೆಳು ಗಾಳಿ.

ಹದಿನಾಲ್ಕು ನಂಬರ್ ಸ್ಪ್ಯಾನರ್

ಮೇಷ್ಟ್ರೇ, 22 ವರ್ಷದಲ್ಲಿ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಪುಸ್ತಕದ ನಂಬರ್ ಯಾಕೆ ಹೊಸ ಗಾಡಿಲೂ ಬರಲ್ಲ ಅಂತ ಗೇಜನ್ನೇ ಬೈಯ್ತಿದ್ದೆ.

ತಟ್ಟೆ ಇಡ್ಲಿ

ಹಂಗಾದರೆ ನನ್ನ ಜೆನ್ ಮೈಲೇಜ್ ಬಿದ್ದಿದ್ದೂ ತುಮಕೂರು ಎತ್ತರದಲ್ಲಿರೋದಕ್ಕಾ?

ಗೌರಿಬಿದನೂರು ಮೇಷ್ಟ್ರು

ತುಮಕೂರು ಮೊದಲಿಂದಲೂ ಅಷ್ಟೇ ಎತ್ತರದಲ್ಲಿದೆಯಲ್ಲಪ್ಪ.

ಗೂಡು ಮಾರ್ಕೆಟ್ ಹುಡುಗ, ಭಾನುವಾರ ಮಧ್ಯಾಹ್ನ

ಸ್ಪ್ಯಾನರ್ ಅಣ್ಣ ಹೇಳಿದ ಹಾಗೇ ಮಾಡಿದೆ. ಚಿಕ್ಕಬಳ್ಳಾಪುರಕ್ಕೆ ಹೋಗಿ ಬಂದು, ಬಾಮೈದನನ್ನು ಒಳಗೆ ಕೂರಿಸಿ ಎಕ್ಸಿಲರೇಟರ್ ಒತ್ತಿಸಿದೆ. ಪಕ್ಕದ ಮನೆಯವರ ಟ್ರ್ಯಾಕ್ಟರ್ ಬ್ಯಾಟರಿಯಿಂದ ಜಂಪ್ ಕೊಟ್ಟೆ. ಬಿಸಿ ಇಂಜಿನಲ್ಲಿ ಬಂದಿದ್ದು: ಒಂದನೇದು 145, ಎರಡನೇದು 85, ಮೂರನೇದು 140.

ಒಂದು ಚಮಚ ಎಣ್ಣೆ ಬಿಟ್ಟ ಮೇಲೆ 155, 90, 150.

ಬಾಮೈದ ಪೆಡಲ್ ಸರಿಯಾಗಿ ಒತ್ತಿದ್ದಾನೆ, ನಾನೇ ಬಗ್ಗಿ ನೋಡಿದೆ.

ಹಳೇ ಗಾಡಿ ಹುಚ್ಚ

ಮೊದಲು 105, ಈಗ 145! ಅದೇ ಇಂಜಿನ್, ಅದೇ ಗೇಜ್. ನನ್ನ ಟೈಮಿಂಗ್ ಬೆಲ್ಟ್ ಮಾತು ವಾಪಸ್ ತಗೊಂಡೆ.

ಹದಿನಾಲ್ಕು ನಂಬರ್ ಸ್ಪ್ಯಾನರ್

ನೋಡಿ, ಒಂದು ಮತ್ತು ಮೂರು ನಮ್ಮೂರ ಲೆಕ್ಕಕ್ಕೆ ಆರೋಗ್ಯವಾಗಿವೆ. ಎರಡನೇದು ಮಾತ್ರ ಬಿದ್ದಿದೆ. ಎಣ್ಣೆ ಹಾಕಿದರೆ 85 ಇದ್ದದ್ದು 90. ಐದು ಪಾಯಿಂಟ್ ಏರಿಕೆ ಏನೂ ಅಲ್ಲ, ಒಳ್ಳೆ ಸಿಲಿಂಡರಲ್ಲೂ ಎಣ್ಣೆ ಹಾಕಿದರೆ ಅಷ್ಟು ಏರುತ್ತೆ. ಅದಕ್ಕೆ ರಿಂಗ್ ಅಲ್ಲ. ಬೋರ್ ಬೇಡ. 35 ಸಾವಿರ ಉಳೀತು.

ಪಕ್ಕದ ಎರಡೂ ಸರಿ ಇರೋದರಿಂದ ಗ್ಯಾಸ್ಕೆಟ್ ಅನುಮಾನವೂ ಕಡಿಮೆ. ಉಳಿದಿದ್ದು ವಾಲ್ವ್. ಈಗ ಎರಡು ಪ್ರಶ್ನೆ. ತಣ್ಣಗಿದ್ದಾಗ ಎರಡನೇದು ಎಷ್ಟು ಬರುತ್ತೆ? ಈ ಗಾಡಿ ಯಾವಾಗಲಾದರೂ ಗ್ಯಾಸಲ್ಲಿ ಓಡಿದೆಯಾ?

ಗೂಡು ಮಾರ್ಕೆಟ್ ಹುಡುಗ

ಗ್ಯಾಸ್ ಕಿಟ್ ಇದೆ. ಹೇಳೋದು ಮರೆತೆ. ಹಿಂದಿನ ಓನರ್ ಎಲ್‌ಪಿಜಿ ಹಾಕಿಸಿದ್ದರು, ಆರ್‌ಸಿಯಲ್ಲೂ ಇದೆ. ನಾನೂ ಜಾಸ್ತಿ ಗ್ಯಾಸಲ್ಲೇ ಓಡಿಸೋದು.

ಹಳೇ ಗಾಡಿ ಹುಚ್ಚ

ಮರೆತಿದ್ದಾನಂತೆ! ಎರಡು ವಾರದಿಂದ ಎಲ್ಲರೂ ತಲೆ ಕೆರ್ಕೊಳ್ತಿದ್ದೀವಿ.

ಸ್ಯಾಂಟ್ರೋ ಅಕ್ಕ

ಡಾಕ್ಟರ್ ಹತ್ತಿರ ಹೋಗಿ ಶುಗರ್ ಇರೋದು ಮರೆತ ಹಾಗೆ.

ಗೂಡು ಮಾರ್ಕೆಟ್ ಹುಡುಗ, ಸೋಮವಾರ ಬೆಳಿಗ್ಗೆ 6:30

ಬಯ್ಯಬೇಡಿ. ರಾತ್ರಿಯೆಲ್ಲಾ ನಿಂತಿದ್ದ ಗಾಡಿಲಿ ಈಗ ಅಳೆದೆ. ಎರಡನೇ ಸಿಲಿಂಡರ್ 120 ಬಂತು! ಬಿಸಿಯಲ್ಲಿ 85, ತಣ್ಣಗಿದ್ದಾಗ 120. ಇದು ಹೇಗೆ?

ಹದಿನಾಲ್ಕು ನಂಬರ್ ಸ್ಪ್ಯಾನರ್

ಸಿಕ್ತು ಕಳ್ಳ. ಟ್ಯಾಪೆಟ್ ಟೈಟ್ ಇದೆ.

ಕೇಳು. ವಾಲ್ವಿನ ಕಾಂಡಕ್ಕೂ ಅದನ್ನು ಒತ್ತೋ ರಾಕರಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಟ್ಯಾಪೆಟ್ ಸೆಟ್ ಮಾಡೋದು ಅಂದರೆ ಈ ಸಂದನ್ನು ಹೊಂದಿಸೋದು. ಇಂಜಿನ್ ಬಿಸಿಯಾದಾಗ ವಾಲ್ವ್ ಉದ್ದ ಆಗುತ್ತೆ, ಆ ಬೆಳವಣಿಗೆಗೆ ಬಿಟ್ಟ ಜಾಗ ಅದು. ಜಾಗ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚಲ್ಲ. ಬಾಗಿಲಿಗೆ ಚಪ್ಪಲಿ ಸಿಕ್ಕಿಕೊಂಡ ಹಾಗೆ. ತಣ್ಣಗಿದ್ದಾಗ ಹೇಗೋ ಮುಚ್ಚುತ್ತೆ, ಬಿಸಿಯಾದಾಗ ಸಂದು ಬಿಡುತ್ತೆ. ನಿನ್ನ ಗಾಡಿ ಬೆಳಿಗ್ಗೆ ಬಂಗಾರ, ಚಿಕ್ಕಬಳ್ಳಾಪುರದಲ್ಲಿ ನಡುಕ ಅಂತ ನೀನು ಮೊದಲ ದಿನವೇ ಹೇಳಿದ್ದೆ. ನಾನೇ ಸರಿಯಾಗಿ ಕಿವಿಗೆ ಹಾಕ್ಕೊಳ್ಳಲಿಲ್ಲ.

ಗ್ಯಾಸ್ ಗಾಡಿಲಿ ಇದು ಸಾಮಾನ್ಯ. ಗ್ಯಾಸ್ ಒಣ ಇಂಧನ. ಪೆಟ್ರೋಲ್ ಹನಿಗಳಿಂದ ವಾಲ್ವಿಗೆ ಸಿಗೋ ತಂಪು ಗ್ಯಾಸಲ್ಲಿ ಸಿಗಲ್ಲ. ವಾಲ್ವ್ ಕೂರೋ ಸೀಟು ಸವೆಯುತ್ತಾ ಹೋಗುತ್ತೆ. ಸೀಟು ಸವೆದಷ್ಟೂ ವಾಲ್ವ್ ಮೇಲಕ್ಕೆ ಬಂದು ಕೂರುತ್ತೆ, ಸಂದು ತಾನಾಗೇ ಮುಚ್ಚಿಕೊಳ್ಳುತ್ತೆ.

ಡೀಸೆಲ್ ಮಾವ

ಹಿಂದೆ ಪೆಟ್ರೋಲಲ್ಲಿ ಸೀಸ ಇತ್ತು, ಅದು ಸೀಟಿನ ಮೇಲೆ ಪದರ ಕಟ್ಟಿ ಕಾಪಾಡುತ್ತಿತ್ತು. 2000ದಲ್ಲಿ ದೇಶದಲ್ಲೆಲ್ಲಾ ಸೀಸ ತೆಗೆದರು. ಆಗಲೂ ಹಳೇ ಗಾಡಿಗಳಿಗೆ ಇದೇ ರೋಗ ಬಂತು.

ತಟ್ಟೆ ಇಡ್ಲಿ

ನೋಡಿದ್ರಾ, ನಾನು ಹೇಳಿದೆ ಇಂಧನದ್ದೇ ತಪ್ಪು ಅಂತ.

ಹದಿನಾಲ್ಕು ನಂಬರ್ ಸ್ಪ್ಯಾನರ್

ಸರಿ ಅಣ್ಣ, ಗೆದ್ರಿ. ಒಂದು ತಟ್ಟೆ ಇಡ್ಲಿ ನನ್ನ ಲೆಕ್ಕದಲ್ಲಿ.

ಹಳೇ ಗಾಡಿ ಹುಚ್ಚ

ನನಗೆ ಒಪ್ಪಿಗೆ ಇಲ್ಲ. ಇಷ್ಟು ದಿನ ಬಿಸಿ ಗಾಳಿ ಸೋರಿದ್ದರೆ ಎಕ್ಸಾಸ್ಟ್ ವಾಲ್ವ್ ಅಂಚು ಸುಟ್ಟೇ ಇರುತ್ತೆ. ಟ್ಯಾಪೆಟ್ ಸಡಿಲ ಮಾಡಿ ಏನು ಪ್ರಯೋಜನ? ಹೆಡ್ ಇಳಿಸಿ, ವಾಲ್ವ್ ಬದಲಾಯಿಸಿ, ಸೀಟ್ ಕಟ್ ಮಾಡಿಸಿ ಮುಗಿಸಲಿ.

ಹದಿನಾಲ್ಕು ನಂಬರ್ ಸ್ಪ್ಯಾನರ್

ವಾಲ್ವ್ ಪೂರ್ತಿ ಸುಟ್ಟಿದ್ದರೆ ತಣ್ಣಗಿದ್ದಾಗ 120 ಎಲ್ಲಿಂದ ಬರಬೇಕು? ಸುಟ್ಟ ವಾಲ್ವಿಗೆ ಬಿಸಿ ತಣ್ಣಗೆ ಎರಡೂ ಒಂದೇ. ಹೆಡ್ ಇಳಿಸೋದು ಎಲ್ಲಿಗೂ ಓಡಿಹೋಗಲ್ಲ. ಟ್ಯಾಪೆಟ್ ನೋಡೋಕೆ ಒಂದು ಗಂಟೆ, ಸಂದು ಅಳೆಯೋ ಫೀಲರ್ ಗೇಜ್ ಸಾಕು.

ಹಳೇ ಗಾಡಿ ಹುಚ್ಚ

ಮೊದಲು ಗಾಳಿ ಬಿಟ್ಟು ಎಲ್ಲಿಂದ ಸೋರುತ್ತೆ ಅಂತ ಖಾತ್ರಿ ಮಾಡ್ಕೊಳ್ಳಲಿ. ಊಹೆ ಮೇಲೆ ಯಾಕೆ?

ಹದಿನಾಲ್ಕು ನಂಬರ್ ಸ್ಪ್ಯಾನರ್

ಅದು ಒಳ್ಳೆ ಮಾತು. ಹಳೇ ಪ್ಲಗ್ ಒಂದರ ಪಿಂಗಾಣಿ ಒಡೆದು, ಒಳಗೆ ತೂತು ಮಾಡಿ, ಅದಕ್ಕೆ ಗಾಳಿ ಪೈಪಿನ ನಿಪ್ಪಲ್ ವೆಲ್ಡ್ ಮಾಡಿಸು. ಎರಡನೇ ಪಿಸ್ಟನ್ ಮೇಲಿನ ತುದಿಗೆ ಬರಬೇಕು, ಎರಡೂ ವಾಲ್ವ್ ಮುಚ್ಚಿರೋ ಹೊತ್ತಲ್ಲಿ. ಗಾಡಿ ಗೇರಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಗಾಳಿ ಬಿಟ್ಟಾಗ ಇಂಜಿನ್ ತಿರುಗಿಬಿಡಬಹುದು, ಬೆಲ್ಟ್ ಹತ್ತಿರ ಕೈ ಇಡಬೇಡ. ಪಂಚರ್ ಅಂಗಡಿ ಗಾಳಿ ಸಾಕು.

ಬಿಸಿ ಇರುವಾಗಲೇ ಮಾಡು. ಆಮೇಲೆ ಕಿವಿ ಕೊಡು. ಸೈಲೆನ್ಸರ್ ಬಾಯಲ್ಲಿ ಸುಯ್ ಅಂದರೆ ಎಕ್ಸಾಸ್ಟ್ ವಾಲ್ವ್. ಏರ್ ಫಿಲ್ಟರ್ ಪೈಪಲ್ಲಿ ಅಂದರೆ ಇನ್‌ಲೆಟ್ ವಾಲ್ವ್. ಆಯಿಲ್ ಹಾಕೋ ಬಾಯಲ್ಲಿ ಅಂದರೆ ರಿಂಗ್, ಅಲ್ಲಿ ಚೂರು ಬಂದರೆ ತಲೆ ಕೆಡಿಸ್ಕೋಬೇಡ. ರೇಡಿಯೇಟರಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್. ಆದರೆ ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲಿ ತೆಗೆಯಬೇಡ, ಮುಖ ಬೇಯುತ್ತೆ. ಅದನ್ನು ತಣ್ಣಗಾದ ಮೇಲೆ ಬೇರೆ ನೋಡು.

ಕೆಎ-07

ಇಷ್ಟೆಲ್ಲಾ ಮಾಡೋ ಬದಲು...

ಸ್ಯಾಂಟ್ರೋ ಅಕ್ಕ

ಎಮ್ಮೆ ಅಂದ್ರೆ ನಾನು ಅಡ್ಮಿನಿಗೆ ಹೇಳ್ತೀನಿ.

ಬಾಗೇಪಲ್ಲಿ ಬಾವ

ಮಧ್ಯೆ ಬಾಯಿ ಹಾಕ್ತೀನಿ. 2006ರ ಗಾಡಿ ಅಂದರೆ 2021ಕ್ಕೆ ಹದಿನೈದು ವರ್ಷ ಆಗಿತ್ತಲ್ವಾ? ಆರ್‌ಸಿ ರಿನ್ಯೂ ಆಗಿದೆಯಾ? 600 ರೂಪಾಯಿ ಇದ್ದ ಫೀಸು 2022ರ ಏಪ್ರಿಲಿಂದ 5,000 ಆಯಿತು. 20 ವರ್ಷ ದಾಟಿದರೆ 10,000 ಅಂತ 2025ರಲ್ಲಿ ಮತ್ತೆ ಏರಿಸಿದರು. ಗಾಡಿಗೆ ದುಡ್ಡು ಸುರಿಯೋ ಮುಂಚೆ ಅದನ್ನೂ ಲೆಕ್ಕ ಹಾಕಿ.

ಗೂಡು ಮಾರ್ಕೆಟ್ ಹುಡುಗ

ಐದು ವರ್ಷಕ್ಕೆ ರಿನ್ಯೂ ಆಗಿದೆ ಬಾವ. ಮುಂದಿನದು ಹತ್ತಿರ ಬಂತು. ನೆನಪು ಮಾಡಬೇಡಿ.

ಡೀಸೆಲ್ ಮಾವ

800ಗೆ ಯಾಕೆ ಇಷ್ಟು ಒದ್ದಾಡ್ತಾನೆ ಅಂತ ಹುಡುಗರಿಗೆ ಅರ್ಥ ಆಗಲ್ಲ. 1983ರ ಡಿಸೆಂಬರಲ್ಲಿ ಮೊದಲನೇ ಗಾಡಿ ಕೊಟ್ಟಾಗಿಂದ 2014ರ ಜನವರಿಯಲ್ಲಿ ನಿಲ್ಲಿಸೋವರೆಗೂ ನಮ್ಮ ಅರ್ಧ ಜನ ಅದರಲ್ಲೇ ಡ್ರೈವಿಂಗ್ ಕಲಿತಿದ್ದು. ಈಗಲೂ ಬಿಡಿಭಾಗ ಸಿಗದ ಊರಿಲ್ಲ.

ಗೂಡು ಮಾರ್ಕೆಟ್ ಹುಡುಗ, ಶುಕ್ರವಾರ ರಾತ್ರಿ 10:40

ಎಲ್ಲಾ ಕೇಳಿ, ದೊಡ್ಡ ಕಥೆ.

ವೆಲ್ಡಿಂಗ್ ಅಂಗಡಿಲಿ ಪ್ಲಗ್ ಅಡಾಪ್ಟರ್ ಮಾಡಿಸಿದೆ. ಅವರು ದುಡ್ಡು ತಗೊಳ್ಳಲಿಲ್ಲ, ಏನು ಮಾಡ್ತೀಯಾ ನೋಡಬೇಕು ಅಂತ ಅವರೂ ಜೊತೆಗೆ ಬಂದರು. ಪಂಚರ್ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಪಿಸ್ಟನ್ ಮೇಲೆ ತಂದು, ಗಾಳಿ ಬಿಟ್ಟೆ. ಆಯಿಲ್ ಬಾಯಲ್ಲಿ ಸದ್ದಿಲ್ಲ. ಏರ್ ಫಿಲ್ಟರಲ್ಲೂ ಇಲ್ಲ. ಹಿಂದೆ ನಿಂತಿದ್ದ ಪಂಚರ್ ಅಂಗಡಿ ಹುಡುಗ ಕೂಗಿದ, "ಅಣ್ಣಾ, ಸೈಲೆನ್ಸರ್ ಉಸಿರಾಡ್ತಿದೆ!" ಕೈ ಇಟ್ಟು ನೋಡಿದೆ. ಸುಯ್ ಅಂತ ಗಾಳಿ ಬರ್ತಿದೆ. ಅಷ್ಟೊತ್ತಿಗೆ ಒಂದು ಇಪ್ಪತ್ತು ಜನ ಸೇರಿದ್ದರು. ರೇಷ್ಮೆ ಗೂಡು ಹರಾಜಿಗೂ ಅಷ್ಟು ಜನ ಸೇರಲ್ಲ.

ಮಾರನೇ ಬೆಳಿಗ್ಗೆ ಸ್ಪ್ಯಾನರ್ ಅಣ್ಣನ ಹತ್ತಿರ ಚಿಂತಾಮಣಿಗೇ ಹೋದೆ. ಇಂಜಿನ್ ತಣ್ಣಗಾಗೋಕೆ ಮಧ್ಯಾಹ್ನದವರೆಗೆ ಕಾಯಿಸಿದರು. ಹೆಡ್ ಕವರ್ ಬಿಚ್ಚಿ ಎರಡನೇ ಸಿಲಿಂಡರಿನ ಎಕ್ಸಾಸ್ಟ್ ರಾಕರನ್ನು ಬೆರಳಲ್ಲಿ ಅಲ್ಲಾಡಿಸು ಅಂದರು. ಅಲ್ಲಾಡಲೇ ಇಲ್ಲ. ಫೀಲರ್ ಗೇಜಿನ ಅತಿ ತೆಳು ಬ್ಲೇಡೂ ನುಗ್ಗಲಿಲ್ಲ. ಒಂದು ಮತ್ತು ಮೂರರಲ್ಲೂ ಬಿಗಿ ಇತ್ತು, ಇಷ್ಟಿಲ್ಲ.

ಆಗ ಅಣ್ಣ ಕೇಳಿದರು, "ಇದನ್ನು ಯಾರಾದರೂ ಮುಟ್ಟಿದ್ದರಾ?" ನನಗೆ ಆಗ ನೆನಪಾಯಿತು. ಗಾಡಿ ತಗೊಂಡ ಹೊಸದರಲ್ಲಿ ಇಂಜಿನಲ್ಲಿ ಟಿಕ್ ಟಿಕ್ ಸದ್ದು ಬರುತ್ತೆ ಅಂತ ಒಂದು ಕಡೆ ತೋರಿಸಿದ್ದೆ. ಅವರು ಅರ್ಧ ಗಂಟೆಯಲ್ಲಿ ಸದ್ದು ನಿಲ್ಲಿಸಿಕೊಟ್ಟರು. 300 ರೂಪಾಯಿ ಖುಷಿಯಾಗಿ ಕೊಟ್ಟು ಬಂದಿದ್ದೆ!

ಹಳೇ ಗಾಡಿ ಹುಚ್ಚ

ಇದನ್ನೂ ಮರೆತಿದ್ದ!

ಹದಿನಾಲ್ಕು ನಂಬರ್ ಸ್ಪ್ಯಾನರ್

ಸದ್ದು ಬರ್ತಿದ್ದಾಗಲೇ ಇಂಜಿನ್ ಸುಖವಾಗಿತ್ತು. ಇವನು ಕಾಸು ಕೊಟ್ಟು, ಟ್ಯಾಪೆಟ್ ಬಿಗಿ ಮಾಡಿಸಿ, ಅದರ ಬಾಯಿ ಮುಚ್ಚಿಸಿದ. ನಮ್ಮ ಹಳೇ ಯಜಮಾನರು ಹೇಳ್ತಿದ್ದರು, ಸದ್ದು ಮಾಡೋ ಟ್ಯಾಪೆಟ್ ವಾಲ್ವ್ ಸುಡಲ್ಲ ಅಂತ.

ಗ್ಯಾಸಿಂದ ಸೀಟ್ ಸವೆದಿದ್ದೂ ನಿಜ, ಬಿಗಿ ಮಾಡಿದ್ದೂ ನಿಜ. ಯಾವುದು ಎಷ್ಟು ಅಂತ ಹೆಡ್ ಇಳಿಸದೆ ಹೇಳೋಕಾಗಲ್ಲ.

ಗೂಡು ಮಾರ್ಕೆಟ್ ಹುಡುಗ

ರೀಡಿಂಗ್ ಹೇಳೋದು ಬಿಟ್ಟೆ. ಆರೂ ಟ್ಯಾಪೆಟ್ ಪುಸ್ತಕದ ಅಳತೆಗೆ ಸೆಟ್ ಮಾಡಿದ ಮೇಲೆ ಒಂದು ಸುತ್ತು ಓಡಿಸಿ ಬಿಸಿಯಲ್ಲಿ ಅಳೆದೆವು. 148, 132, 145. ಎರಡನೇದು 85ರಿಂದ 132! ಐಡಲಲ್ಲಿ ಗಾಡಿ ನಿಂತಿದೆಯೋ ಆಫ್ ಆಗಿದೆಯೋ ಗೊತ್ತಾಗಲ್ಲ. ಟಿಕ್ ಟಿಕ್ ಸದ್ದು ವಾಪಸ್ ಬಂದಿದೆ. ಈಗ ಅದನ್ನು ಕೇಳಿದರೆ ನೆಮ್ಮದಿ.

ಅಣ್ಣ ತಗೊಂಡಿದ್ದು ಕವರ್ ಗ್ಯಾಸ್ಕೆಟ್ ದುಡ್ಡು ಮತ್ತು 400 ಕೂಲಿ. ಊಟವೂ ಅವರ ಮನೇಲೇ ಆಯಿತು. ಅವರೆಕಾಳು ಸಾರು, ಮುದ್ದೆ.

ತಟ್ಟೆ ಇಡ್ಲಿ

ಅವರೆಕಾಳು ಸಾರಾ? ನನಗೆ ಇಡ್ಲಿ ಬಾಕಿ ಇದೆ, ಇವನಿಗೆ ಮುದ್ದೆ ಊಟ.

ಹಳೇ ಗಾಡಿ ಹುಚ್ಚ

ಚೆನ್ನಾಗಾಯಿತು, ಒಪ್ಪಿದೆ. ಆದರೆ 132ಕ್ಕೂ 148ಕ್ಕೂ ಇನ್ನೂ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ವ್ಯತ್ಯಾಸ ಇದೆ. ವಾಲ್ವ್ ಅಂಚು ಸ್ವಲ್ಪ ತಿಂದಿದೆ ಅಂತ ನನ್ನ ವಾದ. ಬರೆದಿಟ್ಕೊಳ್ಳಿ.

ಹದಿನಾಲ್ಕು ನಂಬರ್ ಸ್ಪ್ಯಾನರ್

ಅದನ್ನು ನಾನೂ ಅವನಿಗೆ ಹೇಳಿದ್ದೀನಿ. ಪೂರ್ತಿ ವಾಸಿ ಆಗಿಲ್ಲ. ಸೀಟ್ ಸವೀತಾ ಇದ್ದರೆ ಟ್ಯಾಪೆಟ್ ಮತ್ತೆ ಬಿಗಿಯಾಗುತ್ತೆ. 5,000 ಕಿಲೋಮೀಟರಿಗೆ ಬಂದು ತೋರಿಸಲಿ. ಆಗ ಮತ್ತೆ ಬಿಗಿಯಾಗಿದ್ದರೆ ಹೆಡ್ ಇಳಿಸೋಣ, ಬೋರ್ ಅಂತೂ ಬೇಡ. ಅಲ್ಲಿವರೆಗೆ ಗ್ಯಾಸ್ ಕಡಿಮೆ, ಪೆಟ್ರೋಲ್ ಜಾಸ್ತಿ ಓಡಿಸು ಅಂದಿದ್ದೀನಿ. ಕೇಳ್ತಾನಾ ನೋಡಬೇಕು.

ಗೂಡು ಮಾರ್ಕೆಟ್ ಹುಡುಗ

ಪೆಟ್ರೋಲ್ ರೇಟ್ ನೋಡಿ ಮಾತಾಡಿ ಅಣ್ಣ.

ಗೌರಿಬಿದನೂರು ಮೇಷ್ಟ್ರು

ಅಳೆಯದೆ ತೀರ್ಮಾನ ಮಾಡಲಿಲ್ಲವಲ್ಲ, ಸಂತೋಷ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಪಕ್ಕದವರು ಅನ್ನಿಸಿಕೊಂಡಿರಿ. ಅಂದಹಾಗೆ ನನ್ನ ಹತ್ತಿರವೂ ಒಂದು ಹಳೇ ಗಾಡಿ ಇದೆ, ಮೂರು ತಿಂಗಳಿಂದ ಪಿಕಪ್ ಇಲ್ಲ. ಆ ಗೇಜ್ ಈಗ ಖಾಲಿ ಇದೆಯಾ?

ಗೂಡು ಮಾರ್ಕೆಟ್ ಹುಡುಗ

ಭಾನುವಾರ ನಾನೇ ತಂದುಕೊಡ್ತೀನಿ ಮೇಷ್ಟ್ರೇ. ನಂದಿ ಬೆಟ್ಟ ಹತ್ತಿಸಿ ನೋಡಿಕೊಂಡು ಆ ಕಡೆಯಿಂದ ಬರ್ತೀನಿ. ಈ ಸಲ ಅಕ್ಕನ ಮಕ್ಕಳನ್ನು ಇಳಿಸಲ್ಲ.

ಕೆಎ-07

ವಿಡಿಯೋ ಕಳಿಸು. ಹತ್ತದಿದ್ದರೆ ಎಮ್ಮೆ ಗೊತ್ತು ಮಾಡಿಟ್ಟಿದ್ದೀನಿ.